ಅವ್ವನ ಹೆಸರಿನ ‘ವ್ವ’

ಅಪ್ಪ ತೀರಿಕೊಂಡದ್ದು 2024ರ ಆಗಸ್ಟ್ 12ರಂದು, ಪಂಚಮಿ ಮುಗಿದ ಮೂರನೆಯ ದಿನ, ಶ್ರಾವಣ ಸೋಮವಾರ, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅವರಿಗೆ ಎಪ್ಪತ್ತೇಳು ವರ್ಷವಾಗಿತ್ತು. 1966ರಲ್ಲಿ ಸೇನೆಗೆ ಸೇರಿ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಪಡೆದು, 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ನೆಲಬಾಂಬುಗಳನ್ನು ತೆಗೆಯುವ ಕೆಲಸ ಮಾಡಿ, 1984ರಲ್ಲಿ ನಾಯಕ್ ಹುದ್ದೆಯಿಂದ ನಿವೃತ್ತರಾಗಿ ಕುಂದಗೋಳ ತಾಲೂಕಿನ ನಮ್ಮೂರಿಗೆ ಮರಳಿದವರು ಅವರು. ನಿವೃತ್ತಿಯಾಗಿ ನಲವತ್ತು ವರ್ಷ ಕಳೆದಿದ್ದರೂ ಊರಿನವರಿಗೆ ಅವರು ಕೊನೆಯತನಕ ‘ಮಿಲ್ಟ್ರಿ ಅಜ್ಜ’ನೇ ಆಗಿದ್ದರು. ಅವರ ಅಂತ್ಯಕ್ರಿಯೆಯಿಂದ ಮೊದಲುಗೊಂಡು ಅವ್ವನ ಖಾತೆಗೆ ಕುಟುಂಬ ಪಿಂಚಣಿ ಜಮೆಯಾಗುವವರೆಗೆ ಹಿಡಿದ ಏಳೂವರೆ ತಿಂಗಳಲ್ಲಿ ನಾನು ಓಡಾಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಜಿ ಸೈನಿಕರಿರುವ ನಮ್ಮ ಭಾಗದ ಕುಟುಂಬಗಳು ಬಹಳ. ಅವರಲ್ಲಿ ಹೆಚ್ಚಿನವರಿಗೆ ಈ ದಾರಿ ಮುಂದೊಂದು ದಿನ ಬೇಕಾಗುತ್ತದೆ.

ಆಸ್ಪತ್ರೆಯ ಖರ್ಚಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಅಂದರೆ ಎಲ್ಲರೂ ‘ಇಸಿಎಚ್‌ಎಸ್’ ಎಂದು ಕರೆಯುವ ವ್ಯವಸ್ಥೆ, 2003ರ ಏಪ್ರಿಲ್‌ನಲ್ಲಿ ಆರಂಭವಾದದ್ದು. ಅಪ್ಪ ಹಿಂದೆಯೇ ಹಣ ಕಟ್ಟಿ ತಮ್ಮ ಹಾಗೂ ಅವ್ವನ ಕಾರ್ಡು ಮಾಡಿಸಿದ್ದರು. ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿದ್ದುದರಿಂದ ನಾವು ಕೈಯಿಂದ ಹಣ ಕಟ್ಟುವ ಪ್ರಸಂಗ ಬರಲಿಲ್ಲ. ತುರ್ತಾಗಿ ಸೇರಿಸಿದಾಗ ನಲವತ್ತೆಂಟು ಗಂಟೆಯೊಳಗೆ ಆ ಯೋಜನೆಯ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕೆಂಬ ನಿಯಮವೊಂದನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ತೊಂದರೆ ಅಲ್ಲಿಯೇ ತಪ್ಪುತ್ತದೆ.

ನಿಜವಾದ ಕೆಲಸ ಆರಂಭವಾದದ್ದು ಆಸ್ಪತ್ರೆಯ ಕೌಂಟರಿನಲ್ಲಿ. ನಮ್ಮ ಓಣಿಯ ಸುಬೇದಾರ ಕಾಕಾ, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರು, ಆ ರಾತ್ರಿ ನಮ್ಮ ಜೊತೆಗೇ ಇದ್ದರು. ಮರಣದ ವರದಿಯ ನಮೂನೆಯನ್ನು ಸಿಬ್ಬಂದಿ ತುಂಬುತ್ತಿದ್ದಾಗ ಅವರು ನನ್ನನ್ನು ಬದಿಗೆ ಕರೆದು, “ಹೆಸರು ಡಿಸ್ಚಾರ್ಜ್ ಬುಕ್ಕಿನ್ಯಾಗ ಹ್ಯಾಂಗ ಐತಿ ಹಂಗ ಬರಸು ತಂಗಿ. ಒಂದ ಅಕ್ಷರ ಹೆಚ್ಚು ಕಡಿಮಿ ಆತಂದ್ರ ಪ್ರಯಾಗರಾಜದ ತನಕಾ ಕಾಗದ ಓಡಾಡತಾವು” ಎಂದರು. ಪಿಂಚಣಿಯ ಕಚೇರಿ ಇರುವುದು ಅಲ್ಲಿ. ಹೋಗಿ ನೋಡಿದರೆ ಸಿಬ್ಬಂದಿಯವರು ಅಪ್ಪನ ಹೆಸರನ್ನು ಊರಿನಲ್ಲಿ ಕರೆಯುವ ರೂಪದಲ್ಲಿ, ಮನೆಯ ಅಡ್ಡಹೆಸರು ಸೇರಿಸಿ ಬರೆದಿದ್ದರು. ಸೇನೆಯ ದಾಖಲೆಗಳಲ್ಲಿ ಅಡ್ಡಹೆಸರೇ ಇರಲಿಲ್ಲ. ಆಸ್ಪತ್ರೆಗೆ ಭರ್ತಿ ಮಾಡುವಾಗ ನಾವೇ ಹೇಳಿದ ಹೆಸರು ಅದು, ಆದ್ದರಿಂದ ತಪ್ಪು ಅವರದೆನ್ನುವಂತಿಲ್ಲ. ನನ್ನ ತಮ್ಮ ಊರಿಗೆ ಫೋನು ಮಾಡಿ, ಅಪ್ಪನ ಟ್ರಂಕಿನಲ್ಲಿದ್ದ, ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಮೊದಲ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತರಿಸಿಕೊಂಡ. ಅದನ್ನು ತೋರಿಸಿ, ಆಧಾರಿನ ಜೊತೆ ತಾಳೆ ನೋಡಿ ಹೆಸರು ತಿದ್ದಿಸಲು ಎರಡು ಗಂಟೆ ಹಿಡಿಯಿತು. ಹೆಣ ಇಟ್ಟುಕೊಂಡು ಅಕ್ಷರಕ್ಕಾಗಿ ವಾದಿಸುತ್ತಾ ನಿಲ್ಲುವುದು ಬಂಧುಗಳಲ್ಲಿ ಕೆಲವರಿಗೆ ಸರಿಯೆನಿಸಲಿಲ್ಲ. ನನಗೂ ಆ ಹೊತ್ತಿನಲ್ಲಿ ಸಂಕಟವಾಯಿತು. ಆದರೆ ಒಮ್ಮೆ ನೋಂದಣಿಯಾದ ಹೆಸರನ್ನು ಬದಲಿಸಲು ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಡಿ ಅರ್ಜಿ, ಪುರಾವೆ, ಪ್ರಮಾಣಪತ್ರಗಳೊಂದಿಗೆ ಬೇರೆಯೇ ಪ್ರಯಾಣ ಹೊರಡಬೇಕಾಗುತ್ತದೆ ಎಂಬುದು ತಿಳಿದ ಮೇಲೆ ಆ ಎರಡು ಗಂಟೆಗಳು ನನಗೆ ಅಗ್ಗವಾಗಿ ಕಂಡವು.

ಊರಿಗೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು, ಮಳೆ ಹನಿಯುತ್ತಿತ್ತು. ಮನೆಯ ಮುಂದೆ ಸೇರಿದ್ದ ಜನರ ಮೊದಲ ಪ್ರಶ್ನೆ, “ಮಿಲ್ಟ್ರಿ ಅಜ್ಜಗ ಬಂದೂಕ ಹಾರಸೂದಿಲ್ಲೇನ್ರಿ?” ಎಂಬುದು. ಆ ಪ್ರಶ್ನೆಗೆ ಕಾರಣವಿತ್ತು. ನಮ್ಮದೇ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ಹೊರಬಂದು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ, ಹುಬ್ಬಳ್ಳಿಯ ನೆಹರೂ ಕ್ರೀಡಾಂಗಣದಲ್ಲಿ ಅವರ ಅಂತಿಮ ದರ್ಶನಕ್ಕೆ ನೆರೆದ ಜನಸಾಗರವನ್ನೂ ಬೆಟದೂರಿನಲ್ಲಿ ಸಂದ ಸೇನಾ ಗೌರವವನ್ನೂ ನಮ್ಮ ಸುತ್ತಲಿನ ಹಳ್ಳಿಗಳವರೆಲ್ಲ ಕಣ್ಣಾರೆ ಕಂಡವರೇ. ಸೈನಿಕನ ಸಾವೆಂದರೆ ಹಾಗೆಯೇ ಇರುತ್ತದೆ ಎಂಬ ಚಿತ್ರ ಅಂದಿನಿಂದ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಸೇವೆಯಲ್ಲಿದ್ದಾಗ ಮಡಿದ ಯೋಧನಿಗೂ, ಪಿಂಚಣಿ ಪಡೆಯುತ್ತ ನಲವತ್ತು ವರ್ಷ ಹೊಲ ಮಾಡಿಕೊಂಡಿದ್ದು ವಯಸ್ಸಾಗಿ ತೀರಿಕೊಂಡ ನಿವೃತ್ತ ನಾಯಕನಿಗೂ ನಿಯಮದಲ್ಲಿ ಅಂತರವಿದೆ. ಎರಡನೆಯವನಿಗೆ ಬಂದೂಕಿನ ವಂದನೆ ತಾನಾಗಿಯೇ ಬರುವುದಿಲ್ಲ. ಇದನ್ನು ಅಂದು ಆ ಅಂಗಳದಲ್ಲಿ ವಿವರಿಸುವುದು ನನ್ನಿಂದಾಗಲಿಲ್ಲ. ಸುಬೇದಾರ ಕಾಕಾನೇ ಹೇಳಿದರು, ಮತ್ತು ಕೆಲವರು ಅದನ್ನು ಅಪ್ಪನಿಗಾದ ಅವಮಾನವೆಂದೇ ತಿಳಿದರು.

ಧ್ವಜದ ವಿಷಯ ಅದಕ್ಕಿಂತ ಸೂಕ್ಷ್ಮವಾಯಿತು. ಸ್ವಾತಂತ್ರ್ಯ ದಿನಕ್ಕೆ ಎರಡೇ ದಿನ ಉಳಿದಿದ್ದರಿಂದ ಮನೆಮನೆಗೆ ತಿರಂಗಾ ಬಂದಿತ್ತು, ಅಂಚೆ ಕಚೇರಿಯಲ್ಲಿ ಇಪ್ಪತ್ತೈದು ರೂಪಾಯಿಗೆ ಸಿಗುತ್ತಿತ್ತು. ಓಣಿಯ ಹುಡುಗರು ಅಂಥದೊಂದು ಧ್ವಜವನ್ನು ಮಡಿಕೆ ಬಿಚ್ಚಿ ಹಿಡಿದುಕೊಂಡು ಬಂದು, ಅಪ್ಪನ ಮೈಮೇಲೆ ಹೊದಿಸುವುದಾಗಿ ನಿಂತರು. ಕಾಕಾ ತಡೆದರು. ಸರ್ಕಾರಿ ಗೌರವದ, ಸೈನಿಕ ಅಥವಾ ಅರೆಸೈನಿಕ ಪಡೆಗಳ ಅಂತ್ಯಕ್ರಿಯೆಗಳನ್ನು ಬಿಟ್ಟು ಬೇರೆಲ್ಲಿಯೂ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲವೆಂದು ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯೂ 2002ರ ಧ್ವಜ ಸಂಹಿತೆಯೂ ಹೇಳುತ್ತವೆ. ಹೊದಿಸಿದಾಗಲೂ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು, ಧ್ವಜವನ್ನು ಕುಣಿಯೊಳಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ನಾವು ಲಿಂಗಾಯತರು, ಹೆಣವನ್ನು ಮಲಗಿಸುವುದಿಲ್ಲ. ವಿಮಾನ ಕಟ್ಟಿ ಅದರಲ್ಲಿ ಕೂರಿಸಿ ಒಯ್ಯುತ್ತೇವೆ. “ಕೇಸರಿ ತಲೀ ಕಡೆ ಬರಬೇಕಂತ ಬರದಾರ. ಕುಂತ ಮನಷಾಗ ಅದನ್ನ ಹ್ಯಾಂಗ ಹೊಚ್ಚತೀರಿ, ಹೇಳ್ರಿ?” ಎಂದು ಕಾಕಾ ಕೇಳಿದಾಗ ಹುಡುಗರು ಸುಮ್ಮನಾದರು. ಕಾನೂನಿಗಿಂತ ಆ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಎಣಿಕೆ.

ಧ್ವಜದ ಬದಲು ಒಂದು ಹಿತ್ತಾಳೆಯ ತಾಟಿನಲ್ಲಿ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಅಪ್ಪನ ಪದಕಗಳನ್ನು ಇಟ್ಟು ವಿಮಾನದ ಮುಂದೆ ತಮ್ಮನ ಮಗನ ಕೈಯಲ್ಲಿ ಕೊಟ್ಟೆವು. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಪದಕ. ಪಟ್ಟಿಗಳ ಬಣ್ಣ ಮಾಸಿದ್ದರೂ ಅವ್ವ ಪ್ರತಿ ದಸರೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದುದರಿಂದ ಲೋಹ ಮಾತ್ರ ಹೊಳೆಯುತ್ತಿತ್ತು. ಸುತ್ತಲಿನ ಹಳ್ಳಿಗಳ ಹನ್ನೊಂದು ಮಂದಿ ಮಾಜಿ ಸೈನಿಕರು ತಮ್ಮ ತಮ್ಮ ಪದಕ ಧರಿಸಿ ಬಂದರು, ಹೂಮಾಲೆ ಇಟ್ಟರು, ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಎರೆ ಹೊಲದಲ್ಲಿ ತೋಡಿದ ಕುಣಿಗೆ ಮಳೆನೀರು ಒಸರುತ್ತಿದ್ದುದರಿಂದ ಅದನ್ನು ಕೊಡದಿಂದ ಎತ್ತಿ ಎತ್ತಿ ಚೆಲ್ಲಬೇಕಾಯಿತು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಸುತ್ತ ತುಂಬಿಸುವಾಗ ಆ ಮಾಜಿ ಸೈನಿಕರೇ ಇಬ್ಬರು ಕುಣಿಗೆ ಇಳಿದು ಅಪ್ಪನ ಬೆನ್ನನ್ನು ಹಿಡಿದು ನಿಂತಿದ್ದರು.

ಇನ್ನು ಹಣದ ವಿಷಯ. ‘ಮಿಲ್ಟ್ರಿಯವರಿಗೆ ಮಣ್ಣಿನ ಖರ್ಚು ಸರ್ಕಾರ ಕೊಡತೈತಿ’ ಎಂದು ದಿನಕರ್ಮಕ್ಕೆ ಬಂದವರು ಹೇಳುತ್ತಲೇ ಇದ್ದರು. ಗ್ರಾಮ ಪಂಚಾಯಿತಿಯಲ್ಲಿ ಒಬ್ಬರು ಅಂತ್ಯಸಂಸ್ಕಾರ ಯೋಜನೆಯ ಹೆಸರು ಹೇಳಿದರು. ಅದು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆಂದು ರಾಜ್ಯ ಸರ್ಕಾರ ಮಾಡಿದ್ದು, ಪಿಂಚಣಿದಾರರ ಮನೆಗೆ ಸಂಬಂಧಿಸಿದ್ದಲ್ಲ. ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹದಿಮೂರನೆಯ ದಿನ ಕಳೆದ ಮೇಲೆ ಹೋದಾಗ ನನಗೆ ತಿಳಿದದ್ದು ಇಷ್ಟು: ವಯಸ್ಸಾಗಿ ತೀರಿದ ಪಿಂಚಣಿದಾರ ಮಾಜಿ ಸೈನಿಕನ ಮನೆಗೆ ನಿಜವಾಗಿ ಬಂದು ನಿಲ್ಲುವ ಆಧಾರ ಎಂದರೆ ಹೆಂಡತಿಯ ಕುಟುಂಬ ಪಿಂಚಣಿ. ಸೇನೆಯ ಗುಂಪು ವಿಮೆಯಲ್ಲಿ ನಿವೃತ್ತಿಯ ನಂತರದ ವಿಸ್ತೃತ ರಕ್ಷಣೆ ಎಂಬುದೊಂದಿದೆ, ಆದರೆ ಅದಕ್ಕೆ ಅವಧಿಯ ಮಿತಿಯಿದೆ. ಅಪ್ಪನ ಪಾಲಿಗೆ ಅದು ಎಂದೋ ಮುಗಿದಿತ್ತು. ಉಳಿದ ಸಹಾಯಗಳೆಲ್ಲ ಬೇಡಿಕೆ ಮತ್ತು ಅರ್ಹತೆಯನ್ನು ನೋಡಿ ಕೊಡುವಂಥವು.

ಅದೇ ಕಚೇರಿಯ ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ನವಲಗುಂದ ಕಡೆಯ ಒಬ್ಬ ಅಜ್ಜಿಯ ಕಥೆ ಬೇರೆಯಾಗಿತ್ತು. ಅವರ ಗಂಡ ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಮನೆಯ ಕಾರಣಕ್ಕೆ ಸೇನೆ ಬಿಟ್ಟು ಬಂದಿದ್ದರಂತೆ. ಅಂಥವರಿಗೆ, ಅಂದರೆ ಹವಾಲ್ದಾರ್ ದರ್ಜೆಯವರೆಗಿನ, ಅರವತ್ತೈದು ದಾಟಿದ, ಪಿಂಚಣಿಯಿಲ್ಲದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ, ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಬಡತನ ಪರಿಹಾರವೆಂದು ಆಗ ತಿಂಗಳಿಗೆ 4,000 ರೂಪಾಯಿ ಸಿಗುತ್ತಿತ್ತು; 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಅದನ್ನು 8,000ಕ್ಕೆ ಏರಿಸಿದ್ದಾರೆ. ಆ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ. ಪ್ರತಿ ವರ್ಷ ಡಿಸೆಂಬರ್ 7ರಂದು ನಮ್ಮ ಶಾಲೆಯಲ್ಲಿ ಮಕ್ಕಳ ಅಂಗಿಗೆ ಚಿಕ್ಕ ಧ್ವಜ ಚುಚ್ಚಿ ಐದು ಹತ್ತು ರೂಪಾಯಿ ಸಂಗ್ರಹಿಸಿ ಕಳಿಸುವವಳು ನಾನೇ. ಅದು ಹೋಗಿ ಸೇರುವ ಕೈ ಯಾವುದೆಂದು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ ಆ ಬಾಕಿನ ಮೇಲೆ ಕಂಡೆ.

ಕುಟುಂಬ ಪಿಂಚಣಿಯ ಲೆಕ್ಕ ಕಷ್ಟದ್ದಲ್ಲ. ನಿವೃತ್ತಿ ಪಿಂಚಣಿ ಕೊನೆಯ ವೇತನದ ಅರ್ಧವೆಂದು ಹಿಡಿದರೆ, ಸಾಮಾನ್ಯ ಕುಟುಂಬ ಪಿಂಚಣಿ ಅದೇ ವೇತನದ ಶೇಕಡಾ 30. ಅಂದರೆ ಅಪ್ಪನಿಗೆ ಬರುತ್ತಿದ್ದ ಮೂಲ ಪಿಂಚಣಿಯನ್ನು ಐದು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು ಅವ್ವನಿಗೆ. 9,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ, ಮೇಲೆ ತುಟ್ಟಿಭತ್ಯೆ ಸೇರುತ್ತದೆ. ನಿವೃತ್ತನಾದವನು ತೀರಿಕೊಂಡ ಏಳು ವರ್ಷದವರೆಗೆ ಅಥವಾ ಅವನು ಬದುಕಿದ್ದರೆ ಅರವತ್ತೇಳು ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯತನಕ, ಹೆಚ್ಚಿನ ದರವೊಂದಿದೆ. ಅಪ್ಪ ಆ ವಯಸ್ಸನ್ನು ದಾಟಿ ಹತ್ತು ವರ್ಷವಾಗಿದ್ದರಿಂದ ಅದು ನಮಗೆ ಅನ್ವಯಿಸಲಿಲ್ಲ. ಗಂಡ ತೀರಿದ ಮರುದಿನದಿಂದಲೇ, ನಮ್ಮ ಲೆಕ್ಕದಲ್ಲಿ ಆಗಸ್ಟ್ 13ರಿಂದ, ಹೆಂಡತಿಯ ಹಕ್ಕು ಆರಂಭವಾಗುತ್ತದೆ. ಮಂಜೂರಾತಿ ಎಷ್ಟು ತಡವಾದರೂ ಬಾಕಿ ಅಲ್ಲಿಂದಲೇ ಎಣಿಸಿ ಬರುತ್ತದೆ ಎಂಬುದು ಕಾಯುವವರಿಗೆ ಇರುವ ಒಂದು ಸಮಾಧಾನ.

ಮರಣ ಪ್ರಮಾಣಪತ್ರವನ್ನು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಿಂದ ಪಡೆದೆವು. ಮಣ್ಣು ಮಾಡಿದ್ದು ಊರಿನಲ್ಲಾದರೂ ನೋಂದಣಿಯಾಗುವುದು ಸಾವು ಸಂಭವಿಸಿದ ಸ್ಥಳದಲ್ಲಿ. ಇದು ಗೊತ್ತಿಲ್ಲದೆ ತಮ್ಮ ಎರಡು ದಿನ ಊರಿನ ಕಚೇರಿಗೆ ಅಲೆದಿದ್ದ. ಇಪ್ಪತ್ತೊಂದು ದಿನದೊಳಗೆ ವರದಿಯಾಗಿದ್ದರಿಂದ ದಂಡವಿರಲಿಲ್ಲ. ಡಿಜಿಟಲ್ ಸಹಿಯ ಪ್ರತಿಗಳನ್ನು ಹನ್ನೆರಡು ತೆಗೆಸಿದೆ, ಒಂಬತ್ತು ಖರ್ಚಾದವು.

ಈ ನಡುವೆ ನಮ್ಮಿಂದ ಒಂದು ತಪ್ಪಾಯಿತು. ಅಪ್ಪ ಅವ್ವರ ಜಂಟಿ ಖಾತೆಗೆ ಆಗಸ್ಟ್ ಕೊನೆಯಲ್ಲಿ ಪೂರ್ಣ ತಿಂಗಳ ಪಿಂಚಣಿ ಜಮೆಯಾಯಿತು. ಪೆಂಡಾಲಿನವನಿಗೂ ಅಡಿಗೆಯವರಿಗೂ ಕೊಡುವುದಿತ್ತು. ತಮ್ಮ ಅಪ್ಪನ ಎಟಿಎಂ ಕಾರ್ಡು ಒಯ್ದು ಎಲ್ಲವನ್ನೂ ತೆಗೆದ. ಅಪ್ಪನ ಪಿಂಚಣಿ ಸಲ್ಲುವುದು ಅವರು ತೀರಿದ ದಿನದವರೆಗೆ ಮಾತ್ರ, 13ನೆಯ ತಾರೀಖಿನಿಂದ ಮುಂದಿನದು ಹೆಚ್ಚುವರಿ ಸಂದಾಯ. ಬ್ಯಾಂಕಿಗೆ ಅದೇ ವಾರ ತಿಳಿಸಿದ್ದರೆ ಹಣ ಅಲ್ಲಿಯೇ ನಿಲ್ಲುತ್ತಿತ್ತು. ಮುಂದೆ ಅವ್ವನ ಬಾಕಿಯಿಂದ ಆ ಮೊತ್ತವನ್ನು ಮುರಿದುಕೊಂಡರು, ಬೇರೆ ತೊಂದರೆಯೇನೂ ಆಗಲಿಲ್ಲ. ಆದರೆ ಗಂಡ ತೀರಿದ್ದನ್ನು ತಿಂಗಳುಗಟ್ಟಲೆ ತಿಳಿಸದೆ ಹಣ ತೆಗೆಯುತ್ತಾ ಹೋದ ಮನೆಗಳಲ್ಲಿ ಒಮ್ಮೆಲೇ ದೊಡ್ಡ ವಸೂಲಿ ಬಂದು ನಿಂತದ್ದನ್ನು ಕಾಕಾ ಹೇಳಿದಾಗ ತಮ್ಮನ ಮುಖ ಸಣ್ಣದಾಯಿತು.

ರಕ್ಷಣಾ ಪಿಂಚಣಿಗಳೆಲ್ಲ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಡಿ, ಪ್ರಯಾಗರಾಜದ ಪ್ರಧಾನ ರಕ್ಷಣಾ ಲೆಕ್ಕ ನಿಯಂತ್ರಕರ ಕಚೇರಿಯಿಂದ ನಡೆಯುತ್ತವೆ. ಅಪ್ಪನ ಲಾಗಿನ್ನಿನ ಗುಪ್ತಪದ ಯಾರಿಗೂ ತಿಳಿದಿರಲಿಲ್ಲ, ಓಟಿಪಿ ಬರುವ ಅವರ ಮೊಬೈಲಿನ ಸಿಮ್ಮಿಗೆ ಕರೆನ್ಸಿ ಹಾಕಿಸದೆ ಅದು ಮಲಗಿತ್ತು. ಮೊದಲು ಮಾಡಬೇಕಾದ ಕೆಲಸ ಆ ನಂಬರನ್ನು ಜೀವಂತವಾಗಿಡುವುದು. ನಾವು ಅದನ್ನು ಮೂರು ವಾರದ ನಂತರ ಮಾಡಿದೆವು. ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ಕಾರ್ಯಕ್ರಮ ಮುಗಿಸಿ, ಹುಬ್ಬಳ್ಳಿಯ ಒಂದು ಸೇವಾ ಕೇಂದ್ರದಲ್ಲಿ ಕುಳಿತು ಮರಣದ ವರದಿ ದಾಖಲಿಸಿ, ಪ್ರಮಾಣಪತ್ರ, ಪಿಂಚಣಿ ಆದೇಶ, ಅವ್ವನ ಆಧಾರ್, ಪಾಸ್‌ಬುಕ್ಕು ಎಲ್ಲವನ್ನೂ ಏರಿಸಿದೆ. ಅವ್ವನಿಗೆ ಪ್ಯಾನ್ ಕಾರ್ಡು ಇರಲಿಲ್ಲ. ಎಪ್ಪತ್ತು ವರ್ಷದ ಒಕ್ಕಲುತನದ ಹೆಣ್ಣುಮಗಳಿಗೆ ಪ್ಯಾನ್ ಏತಕ್ಕೆಂದು ಯಾರೂ ಯೋಚಿಸಿರಲಿಲ್ಲ. ಆಧಾರ್ ಆಧರಿಸಿ ಅವಸರದಲ್ಲಿ ಅದನ್ನೂ ಮಾಡಿಸಿದೆ, ಮತ್ತು ಆ ಅವಸರದಿಂದಲೇ ಕೆಲಸ ಎರಡು ಪಟ್ಟಾಯಿತು.

ಅಕ್ಟೋಬರ್ ಮೊದಲ ವಾರ ಆಕ್ಷೇಪಣೆ ಬಂತು: ಹೆಂಡತಿಯ ಹೆಸರು ದಾಖಲೆಗಳಲ್ಲಿ ಹೊಂದಾಣಿಕೆಯಾಗುತ್ತಿಲ್ಲ. ಪಿಂಚಣಿ ಆದೇಶವನ್ನು ತೆಗೆದು ನೋಡಿದೆ. ಅಲ್ಲಿ ಅವ್ವನ ಹೆಸರಿನ ಕೊನೆಗೆ ‘ವ್ವ’ ಇತ್ತು, ಇಂಗ್ಲಿಷಿನಲ್ಲಿ ಎರಡು ಡಬ್ಲ್ಯೂ ಹಾಕಿ ಬರೆದದ್ದು. ಆಧಾರಿನಲ್ಲಿ ‘ಮ್ಮ’ ಇತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸವ್ವ ಬಸಮ್ಮಳಾಗುವುದು, ನೀಲವ್ವ ನೀಲಮ್ಮಳಾಗುವುದು ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ದಿನನಿತ್ಯದ ಸಂಗತಿ; ‘ವ್ವ’ ಹಳ್ಳಿಯ ಬಾಯಿಮಾತು, ‘ಮ್ಮ’ ಬರಹಕ್ಕೆ ತಕ್ಕದ್ದು ಎಂಬ ಭಾವನೆ ಬರೆಯುವ ಕೈಗಳಲ್ಲಿ ಕೂತುಬಿಟ್ಟಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಊರಿನ ಗುಡಿಯ ಕಟ್ಟೆಯ ಮೇಲೆ ಆಧಾರ್ ಮಾಡಿಸಿದಾಗ ಬರೆದುಕೊಂಡ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಅವ್ವನ ಹೆಸರನ್ನು ‘ಸುಧಾರಿಸಿ’ದ್ದಿರಬೇಕು. ಶಿಕ್ಷಕಿಯಾಗಿ ನಾನೂ ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳ ತಾಯಂದಿರ ಹೆಸರನ್ನು ಹೀಗೆ ಬದಲಿಸಿ ಬರೆದಿದ್ದೇನೋ ಎಂದು ಆ ರಾತ್ರಿ ಎಣಿಸತೊಡಗಿ, ಲೆಕ್ಕ ಸಿಗದೆ ಬಿಟ್ಟೆ.

ಸೇವಾ ಕೇಂದ್ರದವರ ಸಲಹೆ, ಸೇನೆಯ ದಾಖಲೆಯಲ್ಲಿರುವ ಹೆಸರನ್ನೇ ಬದಲಿಸಿ ‘ಮ್ಮ’ ಮಾಡಿಸಬೇಕು ಎಂಬುದಾಗಿತ್ತು. ಅದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಅವುಗಳೊಂದಿಗೆ ರೆಕಾರ್ಡ್ಸ್ ಕಚೇರಿಗೆ ಅರ್ಜಿ, ಆಮೇಲೆ ತಿದ್ದುಪಡಿಯಾದ ಪಿಂಚಣಿ ಆದೇಶ. ಪತ್ರಿಕೆಯ ಪ್ರಕಟಣೆಯ ಕರಡನ್ನೂ ಬರೆದಿಟ್ಟೆ. ನೋಟರಿಯ ಬಳಿ ‘ಎರಡೂ ಹೆಸರಿನವಳು ಒಬ್ಬಳೇ’ ಎಂಬ ಅಫಿಡವಿಟ್ ಮಾಡಿಸಿ ಕಳಿಸಿದ್ದು ಫಲ ಕೊಡಲಿಲ್ಲ. ದೀಪಾವಳಿ ಕಳೆದ ಮೇಲೆ, ಸುಬೇದಾರ ಕಾಕಾನ ಒತ್ತಾಯಕ್ಕೆ, ರಾತ್ರಿಯ ರೈಲಿಗೆ ಬೆಂಗಳೂರಿಗೆ ಹೋಗಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ರೆಕಾರ್ಡ್ಸ್ ಕಚೇರಿಯ ಬಾಗಿಲಲ್ಲಿ ನಿಂತೆವು. ಅಪ್ಪನ ಸೇನಾ ಸಂಖ್ಯೆಯನ್ನು ಹೇಳಿದೊಡನೆ ಒಳಗಿನವರು ನಮ್ಮನ್ನು ನೋಡಿದ ರೀತಿಯೇ ಬದಲಾಯಿತು. ಅಲ್ಲಿ ಸೈನಿಕರನ್ನು ‘ತಂಬಿ’ ಎಂದು ಕರೆಯುವ ವಾಡಿಕೆಯಿದೆ. ಅಪ್ಪನೂ ಊರಿನಲ್ಲಿ ಮೊಮ್ಮಕ್ಕಳನ್ನು ಹಾಗೆಯೇ ಕರೆಯುತ್ತಿದ್ದರು, ಅದು ಎಲ್ಲಿಂದ ಬಂದ ಮಾತೆಂದು ನಮಗೆ ಅಂದು ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಕಡತ ಬಂತು. ಸೈನಿಕನ ಹೆತ್ತವರು, ಹೆಂಡತಿ, ಮಕ್ಕಳ ಹೆಸರುಗಳನ್ನು ದಾಖಲಿಸುವ ಹಾಳೆಗೆ ಅವರು ಕಿಂಡ್ರೆಡ್ ರೋಲ್ ಎನ್ನುತ್ತಾರೆ. 1972ರಲ್ಲಿ ಮದುವೆಯಾಗಿ ರಜೆ ಮುಗಿಸಿ ಹೋದ ಮೇಲೆ ಅಪ್ಪ ಬರೆಸಿದ್ದ ಸಾಲು ಅದರಲ್ಲಿತ್ತು: ಹೆಂಡತಿಯ ಹೆಸರು, ಕೊನೆಗೆ ಎರಡು ಡಬ್ಲ್ಯೂ, ಊರು, ತಾಲೂಕು ಕುಂದಗೋಳ, ಜಿಲ್ಲೆ ಧಾರವಾಡ. ಅದರ ಕೆಳಗೆ ಅಪ್ಪನ ಸಹಿ, ಆಗಿನ್ನೂ ಗುಂಡಗುಂಡಗಿನ ಅಕ್ಷರಗಳು. ಅಲ್ಲಿದ್ದ ಹವಾಲ್ದಾರ್ ಗುಮಾಸ್ತರು ಅಷ್ಟನ್ನೂ ನೋಡಿ ಹೇಳಿದ್ದು ನಮ್ಮ ಮೂರು ತಿಂಗಳ ಓಡಾಟವನ್ನೇ ತಿರುಗಿಸಿಬಿಟ್ಟಿತು. ಸೇನೆಯ ದಾಖಲೆ ಐವತ್ತೆರಡು ವರ್ಷದಿಂದ ಒಂದೇ ರೀತಿ ಇದೆ, ಪಿಂಚಣಿ ಆದೇಶವೂ ಅದಕ್ಕೆ ಹೊಂದುತ್ತದೆ. ಬದಲಾದದ್ದು ಆಧಾರ್, ಆದ್ದರಿಂದ ತಿದ್ದಬೇಕಾದದ್ದು ಅದನ್ನು. ಆಗ ಐವತ್ತು ರೂಪಾಯಿಗೆ ಆಗುತ್ತಿದ್ದ ಆಧಾರ್ ತಿದ್ದುಪಡಿಯ ಕೆಲಸಕ್ಕೆ ಪತ್ರಿಕೆಗಳಲ್ಲಿ ಪ್ರಕಟಣೆ ಏಕೆ ಎಂದು ಅವರು ಹಿಂದಿಯಲ್ಲಿ ಕೇಳಿದರು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬಳಿಯುತ್ತಿದ್ದ ಒಲೆಯನ್ನು ಬಿಟ್ಟು ಎದ್ದು, “ನಿಮ್ಮಪ್ಪ ಬರಸಿದ್ದ ಖರೇ. ನನಗ ಹಡದವರ ಇಟ್ಟ ಹೆಸರ ಅದು. ಮ್ಮ ಅಂತ ಯಾರ ಇಟ್ಟಾರೋ ಅವರನ್ನ ಕೇಳ್ರಿ” ಎಂದಳು. ಸಂತಾಪದ ದಿನಗಳಲ್ಲಿ ಅವಳು ಹಾಗೆ ಗಟ್ಟಿಯಾಗಿ ಮಾತಾಡಿದ್ದು ಅಂದೇ ಮೊದಲು.

ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು, ಆದ್ದರಿಂದ ಅಕ್ಷರಕ್ಕೆ ಅಕ್ಷರ ಹಿಡಿದು ಬರೆಯಿಸಬೇಕು. ಪದವಿಪೂರ್ವ ಕಾಲೇಜೊಂದರ ಪ್ರಾಚಾರ್ಯರು ಗೆಜೆಟೆಡ್ ಅಧಿಕಾರಿಯ ನೆಲೆಯಲ್ಲಿ ನಿಗದಿತ ನಮೂನೆಯ ಪ್ರಮಾಣಪತ್ರಕ್ಕೆ ಸಹಿ ಮಾಡಿಕೊಟ್ಟರು. ಅದಕ್ಕೆ ಪಿಂಚಣಿ ಆದೇಶದ ಪ್ರತಿಯನ್ನು ಸೇರಿಸಿದೆವು. ಧಾರವಾಡದ ಕೇಂದ್ರದಲ್ಲಿ ಇಂಗ್ಲಿಷಿನಲ್ಲಿ ಎರಡು ಡಬ್ಲ್ಯೂ ಹಾಕಿದೊಡನೆ ಯಂತ್ರ ಕನ್ನಡದಲ್ಲಿ ತನಗೆ ತಿಳಿದಂತೆ ಇನ್ನೊಂದು ದೀರ್ಘ ಸೇರಿಸಿತು. ನಾನು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಬಾಗಿ ಅದನ್ನು ಅಳಿಸಿಸಿ, ಒತ್ತಕ್ಷರ ಸರಿಯಾಗಿ ಮೂಡುವತನಕ ಆ ಹುಡುಗಿಯನ್ನು ಬಿಡಲಿಲ್ಲ. “ಟೀಚರ್ ಇರಬೇಕ ನೀವು” ಎಂದಳು. ಜನ್ಮ ದಿನಾಂಕವನ್ನೂ ಅಂದೇ ನೋಡಿದೆ, ಏಕೆಂದರೆ ಎಂಬತ್ತು ತುಂಬಿದಾಗ ಕುಟುಂಬ ಪಿಂಚಣಿದಾರರಿಗೂ ಶೇಕಡಾ 20ರಷ್ಟು ಹೆಚ್ಚುವರಿ ಸೇರುತ್ತದೆ. ಆ ಹೊತ್ತಿಗೆ ಕಚೇರಿಯವರು ದಿನಾಂಕದ ಜಗಳ ತೆಗೆದರೆ ಓಡಾಡಲು ನನಗೂ ವಯಸ್ಸಾಗಿರುತ್ತದೆ. ಅದೃಷ್ಟಕ್ಕೆ ವರ್ಷ ಎರಡೂ ಕಡೆ ಒಂದೇ ಇತ್ತು.

ಆಧಾರ್ ಡಿಸೆಂಬರಿನಲ್ಲಿ ಬಂತು. ಸೆಪ್ಟೆಂಬರಿನಲ್ಲಿ ಅವಸರದಿಂದ ಮಾಡಿಸಿದ್ದ ಪ್ಯಾನ್ ‘ಮ್ಮ’ದಲ್ಲಿದ್ದುದರಿಂದ ಅದನ್ನು ತಿದ್ದಿಸಿ, ನಂತರ ಬ್ಯಾಂಕಿನ ಖಾತೆಯನ್ನು ತಿದ್ದಿಸಿ, ಜನವರಿ ಕೊನೆಗೆ ಎಲ್ಲವನ್ನೂ ಮತ್ತೆ ಏರಿಸಿದೆ. 2025ರ ಮಾರ್ಚ್ ಕೊನೆಯ ವಾರ ಅವ್ವನ ಹೆಸರಿಗೆ ಕುಟುಂಬ ಪಿಂಚಣಿ ಮಂಜೂರಾಗಿ, ಆಗಸ್ಟ್ 13ರಿಂದಿನ ಬಾಕಿ, ಹೆಚ್ಚು ಸಂದಾಯವಾದದ್ದನ್ನು ಮುರಿದುಕೊಂಡು, ಜಮೆಯಾಯಿತು. ಸೈನಿಕ ಕಲ್ಯಾಣ ಕಚೇರಿಯಿಂದ ವಿಧವೆಯ ಗುರುತಿನ ಚೀಟಿ ಬಂತು, ಇಸಿಎಚ್‌ಎಸ್ ಕಾರ್ಡಿನಲ್ಲಿ ಅಪ್ಪನದನ್ನು ಹಿಂದಿರುಗಿಸಿ ಅವ್ವನದನ್ನು ಹೊಸ ಸ್ಥಿತಿಗೆ ತಕ್ಕಂತೆ ಬದಲಿಸಿಕೊಂಡೆವು. ಇವೆಲ್ಲಕ್ಕೆ ನಾನು ಎಷ್ಟು ಸಲ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬಂದೆನೆಂಬುದನ್ನು ನನ್ನ ಸಾಂದರ್ಭಿಕ ರಜೆಯ ಪುಸ್ತಕವೇ ಹೇಳಬೇಕು.

ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರತಿ ವರ್ಷ ಕೊಡಬೇಕಾದ, ನವೆಂಬರಿನ ಜೀವನ ಪ್ರಮಾಣವೊಂದು ಉಳಿದಿತ್ತು. ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ ಸವೆದ ಅವ್ವನ ಬೆರಳುಗಳನ್ನು ಯಂತ್ರ ನಾಲ್ಕು ಸಲವೂ ಒಪ್ಪಲಿಲ್ಲ. ಮೊಬೈಲಿನಲ್ಲಿ ಮುಖ ತೋರಿಸುವ ವಿಧಾನದಿಂದ, ಮನೆಯ ಪಡಸಾಲೆಯಲ್ಲಿಯೇ, ಕಣ್ಣು ಮಿಟುಕಿಸಿ ಎಂದಾಗ ಮಿಟುಕಿಸಿ ಮುಗಿಸಿದಳು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಪದಕಗಳು ಮತ್ತೆ ಟ್ರಂಕು ಸೇರಿವೆ. ಸುಬೇದಾರ ಕಾಕಾ ತಮ್ಮ ಹೆಂಡತಿಯ ಆಧಾರನ್ನು ಹಿಡಿದುಕೊಂಡು ಬಂದು ನನ್ನಿಂದ ಓದಿಸಿಕೊಂಡು ಹೋದರು, ಅವರದು ಸರಿಯಾಗಿತ್ತು. ನಮ್ಮ ಮನೆಯಲ್ಲಿ ಪಡಿತರ ಚೀಟಿಯಲ್ಲಿ ಮಾತ್ರ ಇಂದಿಗೂ ‘ಮ್ಮ’ ಎಂದೇ ಇದೆ. ಅದನ್ನೂ ತಿದ್ದಿಸಿಬಿಡೋಣವೆಂದರೆ ಅವ್ವ, “ಇರಲಿ ಬಿಡು, ಅಕ್ಕಿ ತಗೊಳ್ಳಾಕ ಅದ ಸಾಕು” ಎನ್ನುತ್ತಾಳೆ.